ವರ್ಚುವಲ್ ರಿಯಾಲಿಟಿಯ ಇತಿಹಾಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ತೋಟದಂಚು, ಶಿರಸಿ

ಮಾನ್ಯರೇ,

ನಾನು ಶಿರಸಿಯ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ಈ ವರ್ಷ ನಮ್ಮ ವಿಭಾಗಕ್ಕೆ ಎರಡು ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗಳು ಬಂದಿವೆ. ಅದರ ಬೆನ್ನಿಗೇ, ಕಣ್ಣು ಕಿವಿಗಳನ್ನು ಸುತ್ತುವರಿದು ನೋಡುಗರನ್ನು ಬೇರೊಂದು ಜಾಗದಲ್ಲಿ ನಿಲ್ಲಿಸಿಬಿಡುವ ಇಂಥ ಮಾಧ್ಯಮಗಳ ಇತಿಹಾಸದ ಮೇಲೆ ಎರಡು ತರಗತಿ ತೆಗೆದುಕೊಳ್ಳುವ ಹೊಣೆಯೂ ನನ್ನ ಹೆಗಲಿಗೇರಿದೆ. ಕೈಗೆ ಸಿಕ್ಕ ಪಠ್ಯಗಳೆಲ್ಲ ಒಂದೇ ವಂಶಾವಳಿಯನ್ನು ಒಪ್ಪಿಸುತ್ತವೆ: 1787ರಲ್ಲಿ ರಾಬರ್ಟ್ ಬಾರ್ಕರ್ ಸುತ್ತುಚಿತ್ರಕ್ಕೆ ಪಡೆದ ಪೇಟೆಂಟ್, 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟೋನ್ ವಿವರಿಸಿದ ಸ್ಟೀರಿಯೋಸ್ಕೋಪ್ (ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಮೂಡಿಸುವ ಸಾಧನ), 1962ರಲ್ಲಿ ಮಾರ್ಟನ್ ಹೈಲಿಗ್‌ನ ಸೆನ್ಸೊರಾಮಾ (ಚಿತ್ರದ ಜೊತೆಗೆ ಸದ್ದು, ಗಾಳಿ, ವಾಸನೆಯನ್ನೂ ಕೊಡುತ್ತಿದ್ದ ಯಂತ್ರ), 1968ರಲ್ಲಿ ಐವನ್ ಸದರ್‌ಲ್ಯಾಂಡ್ ತೋರಿಸಿದ ತಲೆಗೆ ತೊಡುವ ಪರದೆ, 2014ರಲ್ಲಿ ವಿ.ಆರ್. ಹೆಡ್‌ಸೆಟ್ ತಯಾರಿಸುವ ಆಕ್ಯುಲಸ್ ಕಂಪನಿಯನ್ನು ಫೇಸ್‌ಬುಕ್ ಕೊಂಡದ್ದು. ಒಬ್ಬ ಯುರೋಪಿಯನ್ ಅಥವಾ ಅಮೆರಿಕನ್ ಗಂಡಸಿನಿಂದ ಇನ್ನೊಬ್ಬನಿಗೆ ದೀವಟಿಗೆ ದಾಟಿಸಿದಂತೆ ಕಥೆ ಸಾಗುತ್ತದೆ.

ಹೆಡ್‌ಸೆಟ್ಟಿನ ಜೊತೆಗೆ ಬಂದಿದ್ದ ಮಾದರಿ ತುಣುಕುಗಳಲ್ಲಿ ಭಾರತ ಪ್ರವಾಸದ್ದೂ ಒಂದಿತ್ತು. ಅದನ್ನು ನೋಡಿ ಮುಗಿಸಿದ ಎರಡನೇ ವರ್ಷದ ಹುಡುಗನೊಬ್ಬ, 'ಅಕ್ಕೋರೇ, ಇದರಲ್ಲಿ ಇರುವವರೆಲ್ಲ ನನ್ನ ಕಡೆಗೇ ನಡೆದು ಬಂದು ಕೈ ಮುಗಿಯುತ್ತಾರೆ, ಒಬ್ಬರೂ ತಮ್ಮ ಕೆಲಸಕ್ಕೆ ಹೋಗುವುದಿಲ್ಲ' ಎಂದ. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಇನ್ನೊಂದು ಕಡೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ಇಡೀ ರಾತ್ರಿಯ ಬಯಲಾಟವೇ ಜಗತ್ತಿನ ಮೊದಲ ವಿ.ಆರ್., ಪಾಠವನ್ನು ಅಲ್ಲಿಂದಲೇ ಶುರು ಮಾಡಿ ಎನ್ನುತ್ತಾರೆ. ಅವರ ಅಭಿಮಾನ ನನಗೆ ಅರ್ಥವಾಗುತ್ತದೆ, ಆದರೆ ಅವರ ವಾದ ಒಪ್ಪಿಗೆಯಾಗುವುದಿಲ್ಲ. ಹಳೆಯ ವಂಶಾವಳಿಯ ತುದಿಗೆ ನಮ್ಮ ಹೆಸರನ್ನು ಅಂಟಿಸಿದರೆ ವಂಶಾವಳಿಯೇನೂ ಬದಲಾಗುವುದಿಲ್ಲವಲ್ಲ. ವಸಾಹತುಶಾಹಿಯ ನೋಟವನ್ನು ಕಳಚಿಟ್ಟು ಈ ಇತಿಹಾಸವನ್ನು ಹೇಳುವುದೆಂದರೆ ನಿಜವಾಗಿ ಏನು ಮಾಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಕೋಟೆಬಾಗಿಲು, ಕಾರವಾರ

ಮೇಡಂ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು ನಾನು. ನಿಮ್ಮ ಪಠ್ಯಗಳ ವಂಶಾವಳಿಯನ್ನು ಕೈಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ಅದರ ಮೊದಲ ಎರಡು ಮೆಟ್ಟಿಲುಗಳ ನಡುವೆ ಒಂದು ಮೆಟ್ಟಿಲನ್ನು ಹಾರಿಸಿದ್ದಾರೆ, ಅಲ್ಲಿ ನಿಂತು ನೋಡಿದರೆ ಸಾಕು.

ಬಾರ್ಕರ್ 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಪನೋರಮಾಕ್ಕೆಂದೇ, ಅಂದರೆ ತನ್ನ ಸುತ್ತುಚಿತ್ರಕ್ಕೆಂದೇ, ಗುಂಡನೆಯ ಕಟ್ಟಡವನ್ನು ತೆರೆದ. ಕಾಸು ಕೊಟ್ಟವರು ಕತ್ತಲೆಯ ಓಣಿಯೊಂದನ್ನು ದಾಟಿ ನಡುವಿನ ಅಟ್ಟಣೆಗೆ ಬರುತ್ತಿದ್ದರು. ಬೆಳಕು ಮೇಲಿನಿಂದ ಬಟ್ಟೆಯ ಮೇಲಷ್ಟೇ ಬೀಳುತ್ತಿತ್ತು. ಚಿತ್ರದ ಮೇಲಂಚನ್ನು ಮರೆ ಮಾಡಲು ನೆತ್ತಿಯ ಮೇಲೊಂದು ಚಾವಣಿ, ಕೆಳಂಚನ್ನು ಮರೆ ಮಾಡಲು ಅಟ್ಟಣೆಯ ಸುತ್ತ ಕಟಕಟೆ. ಅಂಚು ಕಾಣದ ಕಾರಣ ಚಿತ್ರ ಚಿತ್ರವಾಗಿ ಉಳಿಯದೆ ಊರೇ ಆಗಿಬಿಡುತ್ತಿತ್ತು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಈ ಹೊಸ ಯಂತ್ರಕ್ಕೆ ಜನ ಮುಗಿಬಿದ್ದದ್ದು ಯಾವ ಚಿತ್ರಗಳಿಗಾಗಿ ಎಂಬುದನ್ನು ಮಾತ್ರ ಹೆಚ್ಚಿನವು ಎರಡು ಸಾಲಿನಲ್ಲಿ ಮುಗಿಸುತ್ತವೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹತನಾದ. ಮರುವರ್ಷವೇ, ಅಂದರೆ 1800ರಲ್ಲಿ, ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತಮೂರರ ಆಸುಪಾಸಿನ ಕಲಾವಿದ ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಅರ್ಧವೃತ್ತದ ಬಟ್ಟೆಯ ಮೇಲೆ ತೋರಿಸಿದ. ಅಷ್ಟು ದೊಡ್ಡ ಚಿತ್ರವನ್ನು ಬರೆದು ಮುಗಿಸಲು ಅವನಿಗೆ ಕೆಲವೇ ವಾರಗಳು ಸಾಕಾದವು. ಅವನು ಅಲ್ಲಿಯವರೆಗೆ ಭಾರತವನ್ನು ಕಂಡವನಲ್ಲ. ಕಾವೇರಿಯನ್ನೂ ಕೋಟೆಯ ಬಿರುಕನ್ನೂ ಇತರರ ವರದಿಯ ಆಧಾರದ ಮೇಲೆಯೇ ಬರೆದ. ಬ್ರಿಟಿಷ್ ಅಧಿಕಾರಿಗಳ ಮುಖಗಳನ್ನು ಮಾತ್ರ ನೋಡಿದವರು ಹೆಸರು ಹಿಡಿದು ಗುರುತಿಸುವಂತೆ ಬರೆದಿದ್ದ. ಮೈಸೂರಿನ ಸಿಪಾಯಿಗಳಿಗೆ ಅಂಥ ಯೋಗ ಎಲ್ಲಿಂದ ಬರಬೇಕು? ಆ ಮೂಲಚಿತ್ರ ಈಗ ಉಳಿದಿಲ್ಲ, ಅದನ್ನು ನೋಡಿ ಮಾಡಿದ ಮುದ್ರಣಗಳು ಉಳಿದಿವೆ.

ಈ ಮಾಧ್ಯಮಕ್ಕೆ ಆಗಷ್ಟೇ ಹದಿಮೂರು ವರ್ಷ ತುಂಬಿದ್ದ ಕಾಲವದು. ಕನ್ನಡ ನಾಡು ಈ ಇತಿಹಾಸಕ್ಕೆ ತಡವಾಗಿ ಬಂದ ಅತಿಥಿಯಲ್ಲ. ನಾವು ಆರಂಭದಿಂದಲೂ ಇದರಲ್ಲಿದ್ದೇವೆ, ಆದರೆ ಅಟ್ಟಣೆಯ ಮೇಲಲ್ಲ, ಬಟ್ಟೆಯ ಮೇಲೆ. ನಿಮ್ಮ ಹುಡುಗ ಹೆಡ್‌ಸೆಟ್ಟಿನಲ್ಲಿ ಕಂಡದ್ದೂ ಇದನ್ನೇ. ಆಮೇಲೆ 1830ರಲ್ಲಿ ಕಲ್ಕತ್ತೆ, 1857ರ ದಂಗೆಯನ್ನು ಅಡಗಿಸಿದ ಮೇಲೆ 1858ರಲ್ಲಿ ದೆಹಲಿ, ಹೀಗೆ ಒಂದೊಂದೇ ಊರು ಲೆಸ್ಟರ್ ಚೌಕದ ಗೋಡೆಗೇರಿತು.

ಇದರ ಎದುರಿಗೆ ತರಗತಿಯಲ್ಲಿ ಇನ್ನೊಂದು ಚಿತ್ರವನ್ನು ಇಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರವಿದೆ. ಅಲ್ಲಿ ಸೋತವರು ಕಂಪನಿಯವರು. ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಸುತ್ತ ಹೈದರನ ದಂಡು. ಆ ಚಿತ್ರವನ್ನು ಒಂದೇ ಬಿಂದುವಿನಲ್ಲಿ ನಿಂತು ನೋಡಲಾಗುವುದಿಲ್ಲ. ಗೋಡೆಯ ಉದ್ದಕ್ಕೂ ನಡೆಯುತ್ತ, ಸಾಲು ಸಾಲಾಗಿ ಓದುತ್ತ ಹೋಗಬೇಕು. ಆ ಯುದ್ಧದಲ್ಲಿ ಸೆರೆ ಸಿಕ್ಕು ವರ್ಷಗಟ್ಟಲೆ ಶ್ರೀರಂಗಪಟ್ಟಣದಲ್ಲಿ ಕೊಳೆತ ಡೇವಿಡ್ ಬೇರ್ಡ್‌ನೇ 1799ರಲ್ಲಿ ಕೋಟೆಗೆ ನುಗ್ಗಿದ ಪಡೆಯ ನಾಯಕ, ಪೋರ್ಟರನ ಬಟ್ಟೆಯ ಮೇಲಿನ ನಾಯಕನೂ ಅವನೇ. ಗೆದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಅದೇ ದರಿಯಾ ದೌಲತ್‌ನಲ್ಲಿ ವಾಸಮಾಡಿದ. ಎರಡು ದೊಡ್ಡ ಚಿತ್ರಗಳು, ಒಂದೇ ಊರು, ಎರಡರಲ್ಲೂ ಸಿಕ್ಕಿಕೊಂಡ ಒಬ್ಬ ಮನುಷ್ಯ. ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ನಮ್ಮ ಜಿಲ್ಲೆಗೂ ಒಂದು ಎಳೆ ಇದೆ. ಲಂಡನ್ನಿನಲ್ಲಿ ಆ ಬಟ್ಟೆ ಬಿಚ್ಚಿದ 1800ರಲ್ಲೇ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ಲನ ಆಜ್ಞೆಯಂತೆ ಮದ್ರಾಸಿನಿಂದ ಹೊರಟು, 1801ರಲ್ಲಿ ಗೋಕರ್ಣ, ಅಂಕೋಲಾ, ಸದಾಶಿವಗಡ ನೋಡಿಕೊಂಡು ಘಟ್ಟ ಹತ್ತಿ ಯಲ್ಲಾಪುರ, ಶಿರಸಿ, ಬನವಾಸಿಗಳಿಗೆ ಬಂದ. ನಿಮ್ಮ ಸೀಮೆಯ ಅಡಿಕೆ ತೋಟಗಳನ್ನೂ ಕಾಳುಮೆಣಸಿನ ಬಳ್ಳಿಗಳನ್ನೂ ವಿಚಾರಿಸಿ ವಿಚಾರಿಸಿ ಬರೆದುಕೊಂಡ. ಅಲ್ಲಿ ಬೆರಗಿನ ನೋಟ, ಇಲ್ಲಿ ಲೆಕ್ಕದ ನೋಟ. ಎರಡೂ ಒಂದೇ ಯುದ್ಧದ ಮಕ್ಕಳು.

ಉತ್ತರ 2: ಹಿಮ್ಮೇಳ, ಹೊನ್ನಾವರ

ಮಾಸ್ತರರು ಬರೆದ 'ಅಂಚು ಕಾಣದ ಕಾರಣ' ಎಂಬ ಮಾತನ್ನೇ ಹಿಡಿದುಕೊಂಡು ಬರೆಯುತ್ತೇನೆ. ನಾನು ಮೇಳಗಳಲ್ಲಿ ಮದ್ದಲೆ ಬಾರಿಸಿದವನು. ನಮ್ಮ ಆಟವನ್ನು ಮೊದಲ ವಿ.ಆರ್. ಎನ್ನುವುದು ಹೊಗಳಿಕೆಯಂತೆ ಕೇಳಿಸಿದರೂ ಆಟದ ಗುಣವನ್ನೇ ಅದು ಮರೆಸುತ್ತದೆ ಎಂದು ನನ್ನ ಅನಿಸಿಕೆ.

ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಅಂಚನ್ನು ಯಾರೂ ಮುಚ್ಚುವುದಿಲ್ಲ. ಭಾಗವತರು ತಾಳ ಹಿಡಿದು ರಂಗಸ್ಥಳದ ಹಿಂಭಾಗದಲ್ಲಿ ಎಲ್ಲರಿಗೂ ಕಾಣುವಂತೆಯೇ ಕುಳಿತಿರುತ್ತಾರೆ. ವೇಷ ಪ್ರವೇಶಿಸುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಆ ಇಬ್ಬರೂ, ಅವರ ಪಂಚೆಯೂ, ತೆರೆಯ ಕೆಳಗೆ ಗೆಜ್ಜೆ ಕಟ್ಟಿದ ಕಾಲೂ ಕಾಣುತ್ತವೆ. ಹೀಗಿದ್ದೂ ಬಣ್ಣದ ವೇಷ ಜನರ ಬೆನ್ನ ಹಿಂದಿನಿಂದ ಅಬ್ಬರಿಸಿಕೊಂಡು ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭುಗಿಲೆದ್ದರೆ, ಚಾಪೆಯ ಮೇಲೆ ನಿದ್ದೆ ಹೋಗಿದ್ದ ಮಗು ಎದ್ದು ಆಯಿಯ ಸೀರೆಯೊಳಗೆ ಮುಖ ಹುದುಗಿಸುತ್ತದೆ. ಹೊಲಿಗೆ ಕಾಣುತ್ತಿದ್ದರೂ ಬಟ್ಟೆ ಬೆಚ್ಚಗೇ ಇರುತ್ತದೆ. ಬಾರ್ಕರನ ಮನೆಯಲ್ಲಿ ಹೊಲಿಗೆ ಕಂಡರೆ ಆಟವೇ ಮುಗಿಯಿತು. ಎರಡೂ ಬೇರೆ ಬೇರೆ ನಂಬಿಕೆಗಳ ಮೇಲೆ ನಿಂತ ಕಲೆಗಳು. ಒಂದನ್ನು ಇನ್ನೊಂದರ ಅಜ್ಜ ಎಂದು ಕರೆಯುವುದರಲ್ಲಿ ಅರ್ಥವಿಲ್ಲ.

ಇದು ನನಗೆ ಓದಿ ತಿಳಿದದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು 360 ಡಿಗ್ರಿ ಕ್ಯಾಮರಾ ತಂದು ನಮ್ಮ ಒಂದು ಆಟವನ್ನು ದಾಖಲಿಸಿದರು. ಒಳ್ಳೆಯ ಹುಡುಗರು, ಚೌಕಿಯಲ್ಲಿ ಬಣ್ಣ ಹಚ್ಚುವಾಗ ಅಡ್ಡ ಬರದೆ ಕುಳಿತಿದ್ದರು. ಕ್ಯಾಮರಾವನ್ನು ರಂಗಸ್ಥಳದ ನಡುವಿಗೆ, ಒಂದು ಕೋಲಿನ ಮೇಲೆ ನಿಲ್ಲಿಸಿದರು. ಅದಕ್ಕೆ ಸುತ್ತಲೂ ಕಣ್ಣು, ಆದ್ದರಿಂದ ಹಿಡಿಯುವವರೇ ಅಡಗಿಕೊಳ್ಳಬೇಕು. ಅವರು ಚೌಕಿಯ ತಡಿಕೆಯ ಹಿಂದೆ ಹೋಗಿ ಕುಳಿತರು. ವೇಷಧಾರಿಗಳಿಗೆ ಯಾರ ಕಡೆ ಮುಖ ಮಾಡಬೇಕೆಂದು ತಿಳಿಯಲಿಲ್ಲ. ಕೌರವನ ವೇಷದವರು ಮೂರು ಸಲ ಕೋಲನ್ನು ಸುತ್ತಿ, ಕೊನೆಗೆ ಅದನ್ನೇ ಮರೆತು ಎಂದಿನಂತೆ ಜನರ ಕಡೆ ತಿರುಗಿ ಮಾತಾಡಿದರು.

ಆರು ತಿಂಗಳ ಮೇಲೆ ಹೆಡ್‌ಸೆಟ್ ತಂದು ತೋರಿಸಿದರು. ಚೆನ್ನಾಗಿಯೇ ಇತ್ತು, ಕಿರೀಟದ ಹರಳುಗಳನ್ನು ಅಷ್ಟು ಹತ್ತಿರದಿಂದ ನಾನೂ ನೋಡಿರಲಿಲ್ಲ. ಆದರೆ ಕೌರವ ತಿರುಗಿದ ಕಡೆ ನಾನೂ ತಿರುಗಿ ನೋಡಿದರೆ ಅಲ್ಲಿ ಜನರಿರಲಿಲ್ಲ. ಶೇಂಗಾ ಮಾರುವವನ ಬುಡ್ಡಿಯ ಬೆಳಕು, ಅರ್ಧ ನಿದ್ದೆಯ ಮುದುಕರು, ಮಕ್ಕಳು, ಎಲ್ಲವನ್ನೂ ಅಳಿಸಿ ಕಪ್ಪು ಬಳಿದಿದ್ದರು. ಕೇಳಿದಾಗ, ನೋಡುವವರ ಗಮನ ಚೆದುರುತ್ತದೆಂದು ಹಾಗೆ ಮಾಡಿದೆವು ಎಂದರು. ಬಾರ್ಕರನ ಕತ್ತಲೆಯ ಓಣಿಯ ಸಂಗತಿ ಓದಿದಾಗ ನನಗೆ ಆ ಕಪ್ಪೇ ನೆನಪಾಯಿತು. ಇನ್ನೂರು ವರ್ಷ ಕಳೆದರೂ ಅದೇ ಯುಕ್ತಿ. ಒಬ್ಬನೇ ನೋಡಬೇಕು, ಅವನ ಪಕ್ಕದಲ್ಲಿ ಯಾರೂ ಇರಬಾರದು, ಕಾಣುವುದೆಲ್ಲ ಅವನಿಗಾಗಿಯೇ ಇರಬೇಕು. (ದಾಖಲೆಯ ಪ್ರತಿ ಮೇಳಕ್ಕೆ ಈವರೆಗೂ ಸಿಕ್ಕಿಲ್ಲ. ಕೇಳಿದರೆ ಹಕ್ಕುಪತ್ರಕ್ಕೆ ಸಹಿ ಹಾಕಿದ್ದೀರಿ ಎನ್ನುತ್ತಾರೆ. ಆ ಪತ್ರ ಇಂಗ್ಲಿಷಿನಲ್ಲಿತ್ತು. ಆ ಕಥೆ ಬೇರೆ.)

ಮೇಡಂ, ನಿಮಗೆ ಬಯಲಾಟಕ್ಕಿಂತ ತಾಳಮದ್ದಳೆ ಹೆಚ್ಚು ಉಪಯೋಗಕ್ಕೆ ಬಂದೀತು. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಮಳೆಗಾಲದ ರಾತ್ರಿ ಯಾರದೋ ಮನೆಯ ಜಗುಲಿಯಲ್ಲಿ ಅರ್ಥಧಾರಿಗಳು ಅಂಗಿ ಶಾಲಿನಲ್ಲಿ ಎದುರುಬದುರಾಗಿ ಕುಳಿತು, ಪದ್ಯ ಮುಗಿದೊಡನೆ ಅದರ ಅರ್ಥವನ್ನು ಆ ಕ್ಷಣಕ್ಕೆ ಕಟ್ಟಿ ಹೇಳುತ್ತಾರೆ. ನಡುವೆ ಎಲೆ ಅಡಿಕೆಯ ಹರಿವಾಣ, ಮೇಲೆ ತಗಡಿನ ಮೇಲೆ ಸುರಿಯುವ ಮಳೆ. ಕರ್ಣನಿಗೂ ಶಲ್ಯನಿಗೂ ಮಾತು ಹತ್ತಿತೆಂದರೆ ಆ ಜಗುಲಿ ಹೋಗಿ ಕುರುಕ್ಷೇತ್ರವೇ ಬಂದು ಕೂರುತ್ತದೆ, ಕಣ್ಣಿಗೆ ಮಾತ್ರ ಏನೂ ಬದಲಾಗಿರುವುದಿಲ್ಲ. ನಿಮ್ಮ ಪಠ್ಯಗಳ ವಂಶಾವಳಿ ಪೂರಾ ಕಣ್ಣಿನದು. ಕಿವಿಯಿಂದ ಮುಳುಗಿಸುವ ವಿದ್ಯೆಗೆ ಅಲ್ಲಿ ಜಾಗವೇ ಇಲ್ಲ.

ಉತ್ತರ 3: ಓದುಗ, ಹಳಿಯಾಳ

ಒಂದು ತಕರಾರು. ಎರಡು ಕಣ್ಣುಗಳಿಗೆ ಕಾಣುವ ಚಿತ್ರಗಳಲ್ಲಿನ ಸಣ್ಣ ವ್ಯತ್ಯಾಸದಿಂದ ಮಿದುಳು ಆಳವನ್ನು ಕಟ್ಟಿಕೊಳ್ಳುತ್ತದೆ ಎಂದು ವೀಟ್‌ಸ್ಟೋನ್ ತೋರಿಸಿದ್ದು ಹಳಿಯಾಳದ ಕಣ್ಣಿಗೂ ಲಂಡನ್ನಿನ ಕಣ್ಣಿಗೂ ಸಮಾನವಾಗಿ ಅನ್ವಯಿಸುತ್ತದೆ. ವಸಾಹತುಶಾಹಿಯ ದೋಷವನ್ನು ಹುಡುಕುವ ಭರದಲ್ಲಿ ದೃಷ್ಟಿವಿಜ್ಞಾನವನ್ನೇ ಅನುಮಾನದಿಂದ ನೋಡುವಂತೆ ಮಕ್ಕಳಿಗೆ ಕಲಿಸಬಾರದು. ಯಂತ್ರ ಎಲ್ಲಿಂದ ಬಂತೆಂಬುದು ಅದರ ಹಣೆಬರಹವೂ ಅಲ್ಲ. ಮಹಾರಾಷ್ಟ್ರದ ಕಲ್ಯಾಣದಲ್ಲಿ ಮಹಾದೇವ ಪಟವರ್ಧನರು 1892ರಲ್ಲಿ ಮ್ಯಾಜಿಕ್ ಲ್ಯಾಂಟರ್ನ್ (ಗಾಜಿನ ಚಿತ್ರಗಳನ್ನು ದೀಪದ ಬೆಳಕಿನಿಂದ ಪರದೆಯ ಮೇಲೆ ಮೂಡಿಸುವ ಯಂತ್ರ) ಹಿಡಿದು ಶಾಂಭರಿಕ ಖರೋಲಿಕಾ ಎಂಬ ಪ್ರದರ್ಶನ ನಡೆಸಿದರು. ಲ್ಯಾಂಟರ್ನ್ ಯುರೋಪಿನ ವಿದ್ಯೆ. ಗಾಜಿನ ಮೇಲೆ ಕೈಯಿಂದ ಬರೆದ ಪುರಾಣದ ಚಿತ್ರಗಳು, ಕಥನ, ಹಾಡು ಇವರವು. ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಸಿನಿಮಾ ತೋರಿಸಿದ್ದು 1896ರ ಜುಲೈ 7ರಂದು, ಅಂದರೆ ಇದಾಗಿ ನಾಲ್ಕು ವರ್ಷದ ಮೇಲೆ. ನೋಡಿಸಿಕೊಂಡವರು ಮತ್ತು ನೋಡಿದವರು ಎಂಬ ಎರಡೇ ಪಾಳೆಯ ಇತ್ತೆಂದು ಹೇಳಿದರೆ ಪಟವರ್ಧನರಂಥವರು ಯಾವ ಪಾಳೆಯಕ್ಕೂ ಸೇರದೆ ಹೋಗುತ್ತಾರೆ.

ಉತ್ತರ 4: ಜಾಲರಿ, ಕುಮಟಾ

ಓದುಗರು ಹೇಳಿದ್ದನ್ನು ಒಪ್ಪುತ್ತೇನೆ, ಅಷ್ಟರಿಂದ ವಿಷಯ ಮುಗಿಯಿತೆಂದು ಮಾತ್ರ ಒಪ್ಪಲಾರೆ. ಹಳೆಯ ಗುಡಿ, ಮನೆಗಳ ನೂರಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಸ್ಟೀರಿಯೋಸ್ಕೋಪಿನ ವಿಜ್ಞಾನಕ್ಕೆ ದೇಶವಿಲ್ಲ, ಆದರೆ ಅದರ ವ್ಯಾಪಾರಕ್ಕೆ ಇತ್ತು. ಅಮೆರಿಕದ ವೈದ್ಯ, ಸಾಹಿತಿ ಆಲಿವರ್ ವೆಂಡೆಲ್ ಹೋಮ್ಸ್ 1859ರಲ್ಲಿ ಸ್ಟೀರಿಯೋಸ್ಕೋಪನ್ನು ಕೊಂಡಾಡುತ್ತ ಒಂದು ಹೋಲಿಕೆ ಕೊಟ್ಟ. ದಕ್ಷಿಣ ಅಮೆರಿಕದಲ್ಲಿ ದನಗಳನ್ನು ಚರ್ಮಕ್ಕಾಗಿ ಬೇಟೆಯಾಡಿ ಹೆಣವನ್ನು ಅಲ್ಲೇ ಬಿಟ್ಟುಹೋಗುವ ಹಾಗೆ, ಇನ್ನು ಮುಂದೆ ಮನುಷ್ಯರು ಜಗತ್ತಿನ ಚೆಂದದ ವಸ್ತುಗಳನ್ನೆಲ್ಲ ಅವುಗಳ ತೊಗಲಿಗಾಗಿ ಬೇಟೆಯಾಡುತ್ತಾರೆ ಎಂಬುದು ಅದರ ಸಾರ. ಇದನ್ನು ಅವನು ಎಚ್ಚರಿಕೆಯಾಗಿ ಹೇಳಲಿಲ್ಲ, ಉತ್ಸಾಹದಿಂದ ಹೇಳಿದ. ಅರ್ಧ ಶತಮಾನದೊಳಗೆ ಅಂಡರ್‌ವುಡ್ ಆ್ಯಂಡ್ ಅಂಡರ್‌ವುಡ್ ಕಂಪನಿ ಭಾರತವನ್ನು ನೂರು ಜೋಡಿಚಿತ್ರಗಳ ಪೆಟ್ಟಿಗೆಯಾಗಿ, ಎಲ್ಲಿ ನಿಂತು ಎತ್ತ ನೋಡುತ್ತಿದ್ದೀರೆಂದು ತಿಳಿಸುವ ನಕ್ಷೆಗಳ ಸಮೇತ ಅಮೆರಿಕದ ಮನೆಮನೆಗೆ ಮಾರುತ್ತಿತ್ತು.

ತೊಗಲು ಎಂಬ ಆ ಮಾತು ನನಗೆ ಚುಚ್ಚುವುದಕ್ಕೆ ಕಾರಣವಿದೆ. ನಾನು ಮಾಡುವ ಮಾದರಿಯೂ ಬರೀ ತೊಗಲೇ. ತೆರೆಯ ಮೇಲೆ ಗುಡಿಯ ಗೋಡೆಯನ್ನು ದೊಡ್ಡದು ಮಾಡುತ್ತ ಹೋದರೆ ಕೆಮ್ಮಣ್ಣಿನ ಕಾವಿ ಚಿತ್ರ, ಅದರ ಗೀರು, ಜೇಡರ ಬಲೆ ಎಲ್ಲವೂ ಸ್ಪಷ್ಟ. ಇನ್ನೊಂದು ಸುತ್ತು ಚಕ್ರ ತಿರುಗಿಸಿದರೆ ಗೋಡೆಯೊಳಗೆ ನುಗ್ಗಿಬಿಡುತ್ತೇವೆ. ಒಳಗೆ ಟೊಳ್ಳು, ತ್ರಿಕೋನಗಳ ಜಾಲರಿಯ ಹಿಂಬದಿ ಬೂದು ಬಣ್ಣದಲ್ಲಿ ಕಾಣುತ್ತದೆ. ಆ ಗೋಡೆಗೆ ಸುಣ್ಣ ಬಳಿದವರ ಸಂಗತಿಯಾಗಲಿ, ಆ ಅಂಗಳಕ್ಕೆ ಯಾರಿಗೆ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ ಎಂಬುದಾಗಲಿ ಅದರಲ್ಲಿ ಇಲ್ಲ. ಈ ಎರಡನೆಯದನ್ನು ನಾವೂ ನಮ್ಮವರಿಂದ ಮುಚ್ಚಿಟ್ಟುಕೊಂಡೇ ಬಂದಿದ್ದೇವೆ, ಅದರ ತಪ್ಪನ್ನು ಇಂಗ್ಲಿಷರ ಮೇಲೆ ಹೊರಿಸಿ ಪಾರಾಗುವಂತಿಲ್ಲ.

ಭಾಷೆಯನ್ನೂ ಗಮನಿಸಿ. ಅಮೆರಿಕದ ಲೇಖಕ ಜಾನ್ ಪೆರಿ ಬಾರ್ಲೋ 1990ರಲ್ಲಿ ವಿ.ಆರ್. ಪ್ರಯೋಗಾಲಯಗಳನ್ನು ಸುತ್ತಿ ಬಂದು, ಯಾರ ಒಡೆತನಕ್ಕೂ ಸೇರದ ಇಷ್ಟೊಂದು ಭೂಮಿಯನ್ನು ಕೊನೆಗೆ ಕಂಡವನು ಬಹುಶಃ ಕೊಲಂಬಸನೇ ಎಂಬರ್ಥದ ಮಾತು ಬರೆದ. ಕೊಲಂಬಸ್ ಕಂಡ ಭೂಮಿಯಲ್ಲಿ ಜನರಿದ್ದರು ಎಂಬುದು ಆ ವಾಕ್ಯದಲ್ಲಿ ಇಲ್ಲ. 2015ರಲ್ಲಿ ಇನ್ನೊಂದು ಮಾತು ಚಲಾವಣೆಗೆ ಬಂತು. ಜೋರ್ಡಾನಿನ ಝಾತಾರಿ ಶಿಬಿರದ ಸಿರಿಯನ್ ಬಾಲಕಿಯ ಬದುಕನ್ನು ತೋರಿಸಿದ ವಿ.ಆರ್. ಚಿತ್ರದ ನಿರ್ದೇಶಕರಲ್ಲೊಬ್ಬನಾದ ಕ್ರಿಸ್ ಮಿಲ್ಕ್, ವಿ.ಆರ್. ಎಂದರೆ ಅನುಕಂಪ ಹುಟ್ಟಿಸುವ ಯಂತ್ರ ಎಂದ. ಹುಟ್ಟೀತು, ಇಲ್ಲವೆನ್ನುವುದಿಲ್ಲ. ಆದರೆ ಹೆಡ್‌ಸೆಟ್ ತೊಟ್ಟವರು ಬೇಕೆಂದಾಗ ಅದನ್ನು ತೆಗೆದಿಟ್ಟು ಊಟಕ್ಕೆ ಏಳಬಹುದು. ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿಗಳ ಕೇರಿಗೆ ಕ್ಯಾಮರಾ ಹಿಡಿದು ಹೋಗುವವರ ಜೊತೆ ನಾನೂ ಒಮ್ಮೆ ಹೋಗಿದ್ದೆ. ಅಂಗಳ ಗುಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಪೊರಕೆ ನಿಲ್ಲಿಸದೆ, 'ಹೋದ ವರ್ಷ ತೆಗೆದದ್ದು ಎಲ್ಲಿ?' ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಪ್ರಶ್ನೆ ಕೇಳಿದವರು: ತೋಟದಂಚು, ಶಿರಸಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮೊದಲ ತರಗತಿಯನ್ನು ಮಾಸ್ತರರು ಹೇಳಿದ ಎರಡು ಶ್ರೀರಂಗಪಟ್ಟಣಗಳಿಂದಲೇ ಆರಂಭಿಸುತ್ತೇನೆ. ಪೋರ್ಟರನ ಚಿತ್ರದ ಮುದ್ರಣವನ್ನೂ ಪೊಳ್ಳಿಲೂರಿನ ಗೋಡೆಯನ್ನೂ ಅಕ್ಕಪಕ್ಕ ಹಾಕಿ, ಪ್ರತಿಯೊಂದರಲ್ಲೂ ಹೆಸರು ಹಿಡಿದು ಗುರುತಿಸಬಹುದಾದ ಮುಖಗಳು ಯಾರವೆಂದು ಮಕ್ಕಳಿಂದಲೇ ಪಟ್ಟಿ ಮಾಡಿಸುತ್ತೇನೆ. ವೀಟ್‌ಸ್ಟೋನನನ್ನು ಬಿಡುವುದಿಲ್ಲ, ಓದುಗರು ಚಿಂತಿಸಬೇಕಾಗಿಲ್ಲ. ಎರಡು ಫೋಟೋ ಅಂಟಿಸಿದ ರಟ್ಟನ್ನು ಮಕ್ಕಳ ಕೈಗೇ ಕೊಟ್ಟು ಆಳ ಮೂಡುವುದನ್ನು ನೋಡಿಸುವ ಯೋಚನೆ ಇದೆ.

ಎರಡನೆಯ ತರಗತಿಗೆ ನಮ್ಮ ಎರಡು ಹೆಡ್‌ಸೆಟ್‌ಗಳೊಡನೆ ಒಂದು ಸಣ್ಣ ಕ್ಯಾಮರಾವೂ ಇದೆ. ಸಿದ್ಧ ತುಣುಕು ತೋರಿಸುವುದರ ಬದಲು ಮಕ್ಕಳೇ ಏನಾದರೂ ಹಿಡಿದು ತರಲೆಂದು ನನ್ನ ಆಸೆ. ಹಿಮ್ಮೇಳದವರಲ್ಲಿ ಒಂದು ವಿನಂತಿ: ತಾಳಮದ್ದಳೆಗೆ ಹನ್ನೆರಡು ಮಕ್ಕಳನ್ನು ಕರೆತರಬಹುದೇ? ಕ್ಯಾಮರಾ ತಂದರೆ ಅದನ್ನು ಎಲ್ಲಿ ಇಡಬೇಕೆಂದು ನೀವೇ ಹೇಳಬೇಕು. ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ನಾನೇ ಬರೆದು ಮೊದಲೇ ಕಳಿಸುತ್ತೇನೆ, ಬೇಡವೆನಿಸಿದ ಸಾಲನ್ನು ಹೊಡೆದುಹಾಕಿ.

ಉತ್ತರ 5: ಹಿಮ್ಮೇಳ, ಹೊನ್ನಾವರ

ಅಗತ್ಯವಾಗಿ ಬನ್ನಿ. ಮುಂದಿನ ತಿಂಗಳ ಎರಡನೇ ಶನಿವಾರ ಕರ್ಣಪರ್ವ ಇಟ್ಟುಕೊಂಡಿದ್ದೇವೆ. ಮನೆಯವರನ್ನೂ ಅರ್ಥಧಾರಿಗಳನ್ನೂ ಕೇಳಿದ್ದೇನೆ, ಒಪ್ಪಿದ್ದಾರೆ. ಕ್ಯಾಮರಾವನ್ನು ನಮ್ಮ ನಡುವೆ ಇಡುವುದು ಬೇಡ. ಜಗುಲಿಯ ಮೂಲೆಯಲ್ಲಿ, ಕೇಳುಗರ ಸಾಲಿನಲ್ಲಿ ಒಂದು ಚಾಪೆಯ ಜಾಗ ಬಿಟ್ಟಿರುತ್ತೇನೆ, ಅಲ್ಲೇ ಅದೂ ಕೂರಲಿ. ದಾಖಲೆಯ ಒಂದು ಪ್ರತಿ ನಮಗೆ ಸಿಗಬೇಕು, ಅಷ್ಟೇ. ಘಟ್ಟದ ದಾರಿಯಲ್ಲಿ ರಾತ್ರಿ ಮರ ಬೀಳುವುದುಂಟು, ಆದ್ದರಿಂದ ಬೆಳಕಿರುವಾಗಲೇ ಇಳಿದುಬಿಡಿ. ಬೆಳಗಿನ ಮೊದಲ ಬಸ್ಸಿನವರೆಗೆ ಮಲಗಲು ಮಹಡಿಯಲ್ಲಿ ಜಾಗವಿದೆ.